ಬೆಲ್ಲಿಗೆ ನಿಲ್ಲುವ ತಂಡ

ನಮ್ಮ ಶಾಲೆಯ ಫುಟ್‌ಬಾಲ್ ತಂಡಕ್ಕೆ ನನ್ನನ್ನು ಕೋಚ್ ಮಾಡಿದ್ದು ನನ್ನ ಆಟದ ಜ್ಞಾನ ನೋಡಿ ಅಲ್ಲ. ಹೆಡ್ಮಾಸ್ತರರು ಕೋಚ್ ಹುಡುಕುತ್ತ ಬರುವ ಸುಳಿವು ಸಿಕ್ಕಿದ ಬುದ್ಧಿವಂತರೆಲ್ಲ ಸ್ಟಾಫ್ ರೂಮಿನಿಂದ ಜಾಗ ಖಾಲಿ ಮಾಡಿದ್ದರು. ಲೆಕ್ಕದ ಮೇಷ್ಟ್ರಾದ ನಾನೊಬ್ಬ ಬಾಯಿ ತುಂಬ ಬಿಸ್ಕತ್ತು ಇಟ್ಟುಕೊಂಡು ಕೂತಿದ್ದೆ. ಆಗಲ್ಲ ಎನ್ನುವುದಕ್ಕೆ ಬಾಯಲ್ಲಿ ಜಾಗವಿರಲಿಲ್ಲ. ಹೆಡ್ಮಾಸ್ತರರು ಅದನ್ನೇ ಒಪ್ಪಿಗೆ ಎಂದುಕೊಂಡು ಕೊರಳಿಗೆ ಸೀಟಿ ಹಾಕಿ ಹೋದರು.

ಹೆಡ್ಮಾಸ್ತರರಿಗೆ ಶಿಸ್ತೆಂದರೆ ಪ್ರಾಣ. ಅವರ ಜೀವಮಾನದ ಸಾಧನೆ ಎರಡು ಬೆಲ್ಲಿನ ಪದ್ಧತಿ. ಮೊದಲನೇ ಬೆಲ್ ಹೊಡೆದರೆ ಯಾರು ಎಲ್ಲಿ ಹೇಗಿದ್ದಾರೋ ಅಲ್ಲಿ ಹಾಗೆಯೇ ನಿಲ್ಲಬೇಕು, ಉಸಿರಾಟಕ್ಕೆ ಮಾತ್ರ ವಿನಾಯಿತಿ. ಎರಡನೇ ಬೆಲ್ ಹೊಡೆದ ಮೇಲೆ ಸಾಲಾಗಿ ತರಗತಿಗೆ. ನೀರು ಕುಡಿಯುತ್ತಿದ್ದವನು ಬಾಯಿ ತೆರೆದುಕೊಂಡೇ ನಿಲ್ಲುತ್ತಾನೆ, ನಲ್ಲಿ ಹರಿಯುತ್ತಲೇ ಇರುತ್ತದೆ. ನೋಡಲು ಬಂದ ಅತಿಥಿಗಳು ‘ಅಬ್ಬಾ’ ಎನ್ನುತ್ತಾರೆ. ಹೆಡ್ಮಾಸ್ತರರು ಆ ಅಬ್ಬಾದಲ್ಲೇ ಬದುಕಿದ್ದಾರೆ.

ತಂಡದ ವಿಷಯಕ್ಕೆ ಬರೋಣ. ಗೋಲ್‌ಕೀಪರನನ್ನು ಹುಡುಗರು ‘ಗೋಡೆ’ ಎನ್ನುತ್ತಿದ್ದರು. ಎಲ್ಲ ಕಡೆ ಕಿಟಕಿಯಿದ್ದ ಗೋಡೆ ಅದು. ಮುಂದೆ ಆಡುವವನು ‘ಕಡ್ಡಿ’, ನನ್ನ ಅಕ್ಕನ ಮಗ. ಓದಿನಲ್ಲಿ ಅಷ್ಟಕ್ಕಷ್ಟೇ, ಲೆಕ್ಕದಲ್ಲಂತೂ ಮಾವನ ಮರ್ಯಾದೆ ತೆಗೆಯಲೆಂದೇ ಹುಟ್ಟಿದವನು. ಮಾತು ಕಡಿಮೆ. ಚೆಂಡು ಕಾಲಿಗೆ ಬಂದರೆ ಮಾತ್ರ ಬೇರೆಯೇ ಹುಡುಗ. ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ತಂಡದ ಜೆರ್ಸಿಗಳನ್ನೂ ಅವಳೇ ಒಗೆಯುತ್ತಿದ್ದಳು. "ಫುಟ್‌ಬಾಲ್ ಪಿರಿಯಡ್ ಇರೋ ದಿನ ಮಾತ್ರ ಅವನು ತಾನಾಗಿ ಎದ್ದು ಸ್ಕೂಲಿಗೆ ಹೊರಡ್ತಾನೆ ಕಣೋ," ಎಂದಿದ್ದಳು. "ಉಳಿದ ದಿನ ನಾನು ಎಳ್ಕೊಂಡು ಬರ್ಬೇಕು."

ಆ ಪಿರಿಯಡ್ಡಿಗೇ ಕುತ್ತು ಬಂತು. ಕೊನೆಯದೊಂದನ್ನು ಬಿಟ್ಟು ಆ ವರ್ಷದ ಪಂದ್ಯಗಳನ್ನೆಲ್ಲ ನಾವು ಬೇರೆ ಶಾಲೆಗಳ ಮೈದಾನದಲ್ಲಿ ಆಡಿ ಶ್ರದ್ಧೆಯಿಂದ ಸೋತಿದ್ದೆವು. ಅದರಲ್ಲೊಂದು ಸೋಲನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಟದ ನಡುವೆ ಆ ಶಾಲೆಯ ಬೆಲ್ ಹೊಡೆಯಿತು. ನಮ್ಮ ಹುಡುಗರು ಇಡೀ ತಂಡವಾಗಿ ನಿಂತುಬಿಟ್ಟರು. ಎದುರಾಳಿಗಳು ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ಸುಧಾರಿಸಿಕೊಂಡು ಗೋಲು ಹೊಡೆದರು. ಆ ಶಾಲೆಯಲ್ಲಿ ಎರಡನೇ ಬೆಲ್ ಎನ್ನುವುದೇ ಇರಲಿಲ್ಲ, ಹಾಗಾಗಿ ಇನ್ನಷ್ಟು ಹೊಡೆದರು. ನಾನು ಮೈದಾನಕ್ಕೆ ನುಗ್ಗಿ ಒಬ್ಬೊಬ್ಬರನ್ನೇ ಅಲುಗಾಡಿಸಿ ಎಬ್ಬಿಸಬೇಕಾಯಿತು. ಸುದ್ದಿ ಕೇಳಿ ಹೆಡ್ಮಾಸ್ತರರ ಕಣ್ಣಲ್ಲಿ ನೀರು ಬಂತು. "ಪರಸ್ಥಳದಲ್ಲೂ ನಿಂತರಲ್ಲ ಮೇಷ್ಟ್ರೇ," ಎಂದರು. ಅದೇ ಉಸಿರಿನಲ್ಲಿ, "ಆದ್ರೂ ಒಂದು ಪಂದ್ಯನಾದ್ರೂ ಗೆಲ್ಬೇಕಪ್ಪ. ಕೊನೇದನ್ನೂ ಸೋತ್ರೆ ಆ ಪಿರಿಯಡ್ಡನ್ನ ಕಾಪಿ ಬರೆಯೋಕೆ ಕೊಟ್ಬಿಡ್ತೀನಿ. ಅಕ್ಷರ ದುಂಡಗಾಗುತ್ತೆ," ಎಂದರು.

ಕೊನೆಯ ಪಂದ್ಯ ನಮ್ಮದೇ ಮೈದಾನದಲ್ಲಿ, ಶನಿವಾರ ಮಧ್ಯಾಹ್ನ. ಅಂದು ಪಾಠವಿಲ್ಲ, ಆದರೆ ಬೆಲ್ ಇತ್ತು. ರಜೆಯಲ್ಲೂ ಹೊಡೆಯದಿದ್ದರೆ ಮಕ್ಕಳ ಅಭ್ಯಾಸ ತಪ್ಪುತ್ತದೆ ಎಂದು ಹೆಡ್ಮಾಸ್ತರರ ಆಜ್ಞೆ. ಇದು ನನಗೆ ಗೊತ್ತಿತ್ತು. ಆದರೂ ಜವಾನನಿಗೆ ಒಂದು ಮಾತು ಹೇಳಿಡಲು ನೆನಪಾಗಲಿಲ್ಲ, ಯಾಕೆಂದರೆ ನಾನು ಕೋಚ್, ತಂತ್ರಗಾರಿಕೆಯಲ್ಲಿ ಮುಳುಗಿದ್ದೆ.

ಆ ದಿನ ಗೋಡೆಯ ಕಿಟಕಿಗಳೆಲ್ಲ ಅದು ಹೇಗೋ ಮುಚ್ಚಿಕೊಂಡಿದ್ದವು. ಆಟ ಮುಗಿಯುತ್ತ ಬಂದರೂ ಯಾರಿಗೂ ಗೋಲಿಲ್ಲ. ಕಡ್ಡಿಯ ಕಾಲಿಗೆ ಚೆಂಡು ಸಿಕ್ಕಿತು. ಆಗ ಬೆಲ್ ಹೊಡೆಯಿತು.

ನಮ್ಮವರು ನಿಂತರು. ನಮ್ಮ ಖ್ಯಾತಿ ಎದುರಾಳಿಗಳಿಗೂ ತಲುಪಿತ್ತು. ಅವರು ನಗುತ್ತ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು, ಒಬ್ಬನಂತೂ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದ. ಇಡೀ ಮೈದಾನದಲ್ಲಿ ಓಡುತ್ತಿದ್ದವನು ಕಡ್ಡಿ ಒಬ್ಬನೇ. ಬಗ್ಗಿದವನ ಪಕ್ಕದಿಂದ ಹಾಯ್ದು ಚೆಂಡನ್ನು ಬಲೆಗೆ ಸೇರಿಸಿದ. ಚಪ್ಪಾಳೆಯಿಲ್ಲ, ಕೂಗಿಲ್ಲ. ನಮ್ಮ ಕಡೆಯವರೆಲ್ಲ ಎರಡನೇ ಬೆಲ್ಲಿಗೆ ಕಾಯುತ್ತಿದ್ದರು. ನಾನು ಮಾತ್ರ ಕುಣಿದೆ. ನಾಚಿಕೆಯೇನಿಲ್ಲ, ಅಷ್ಟು ಖುಷಿಯಾಗಿತ್ತು.

ಗೆದ್ದೆವು. ಸೋಮವಾರ ಬೆಳಿಗ್ಗೆ ಗೆದ್ದ ತಂಡದ ವಿಚಾರಣೆ.

ಹೋಗುವ ದಾರಿಯಲ್ಲೇ ನಾನು ಕಡ್ಡಿಯ ಕಿವಿಯಲ್ಲಿ ಹೇಳಿದ್ದೆ: "ಬೆಲ್ ಕೇಳಿಸ್ಲಿಲ್ಲ ಅನ್ನು. ಅಷ್ಟೇ. ಗೊತ್ತಾಗದೆ ಆದ ತಪ್ಪಿಗೆ ಶಿಕ್ಷೆ ಇಲ್ಲ." ಅವನು ತಲೆಯಾಡಿಸಿದ. ಹೆಡ್ಮಾಸ್ತರರ ಕೋಣೆಯಲ್ಲಿ ತಂಡವೆಲ್ಲ ಮೇಜಿನ ಮುಂದೆ ನಿಂತಿತು. ನಾನು ಹೇಳಿಕೊಡದಿದ್ದರೂ ಗೋಡೆ ಮುಂದೆ ಬಂದ.

"ಬೆಲ್ಲೇ ಹೊಡೀಲಿಲ್ಲ ಸರ್."

"ಮತ್ತೆ ನೀವ್ಯಾಕ್ರೋ ನಿಂತ್ರಿ?"

"ಸುಸ್ತಾಗಿತ್ತು ಸರ್."

"ಎಲ್ರಿಗೂ ಒಟ್ಟಿಗೇನಾ?"

"ನಾವು ಒಂದು ತಂಡ ಸರ್."

ಹೆಡ್ಮಾಸ್ತರರು ಕಡ್ಡಿಯತ್ತ ತಿರುಗಿದರು. "ನೀನು ಹೇಳು. ಬೆಲ್ ಕೇಳಿಸ್ತಾ?"

"ಕೇಳಿಸ್ತು ಸರ್," ಎಂದ ನನ್ನ ಅಕ್ಕನ ಮಗ. "ಆದ್ರೆ ಚೆಂಡು ನಿಲ್ಲಲಿಲ್ಲ."

ಆ ಹುಡುಗನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನ ಅಮ್ಮನಿಗೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಆ ವಿದ್ಯೆಯೆಲ್ಲ ನನ್ನೊಬ್ಬನ ಪಾಲಿಗೇ ಬಂದಿರಬೇಕು. ಹೆಡ್ಮಾಸ್ತರರು ನನ್ನನ್ನು ನೋಡಿ, "ಮೇಷ್ಟ್ರೇ, ನಿಮಗೆ?" ಎಂದರು. ನಾನು ಸೀಟಿಯನ್ನು ಶರಟಿನ ಒಳಗೆ ತಳ್ಳಿ, "ಗಾಳಿ ಜೋರಿತ್ತು ಸರ್," ಎಂದೆ.

ಅಶಿಸ್ತಿನ ಗೋಲು ನಮಗೆ ಬೇಡ ಎಂದು ಹೆಡ್ಮಾಸ್ತರರು ಪಂದ್ಯವನ್ನೇ ವಾಪಸು ಕೊಟ್ಟರು. ಎದುರು ಶಾಲೆಯ ಕೋಚ್ ನನಗೆ ಫೋನ್ ಮಾಡಿ, "ಏನ್ ಸಾರ್ ಇದು, ಸೋತಿದ್ದೀವಿ ಅಂತ ನಾವೇ ಒಪ್ಕೊಂಡಿದೀವಲ್ಲ," ಎಂದು ಅಂಗಲಾಚಿದ. ಪ್ರಯೋಜನವಾಗಲಿಲ್ಲ. ಚೆಂಡು ಹೆಡ್ಮಾಸ್ತರರ ಬೀರು ಸೇರಿತು, ಬೀರುವಿನ ಬೀಗದ ಕೈ ಅವರ ಜೇಬು ಸೇರಿತು, ಫುಟ್‌ಬಾಲ್ ಪಿರಿಯಡ್ಡಿಗೆ ಕಾಪಿ ಪುಸ್ತಕ ಬಂತು. ಮರುದಿನ ಅಕ್ಕ ಮಗನನ್ನು ಕೈ ಹಿಡಿದು ಗೇಟಿನವರೆಗೆ ಎಳೆದುಕೊಂಡು ಬಂದಳು. ಒಗೆದು ಮಡಿಸಿದ ಜೆರ್ಸಿಗಳನ್ನು ನನ್ನ ಕೈಗಿಟ್ಟು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಅಂದು ಊಟದ ಬಿಡುವಾದ ಮೇಲೆ ಕಾಪಿ ಬರೆಯುವ ಮೊದಲ ಪಿರಿಯಡ್. ಬಿಡುವಿನಲ್ಲಿ ನಾನು ಚಹಾದ ಲೋಟ ಹಿಡಿದು ಮೈದಾನದಲ್ಲಿ ಹುಡುಗರ ಮೇಲೆ ಕಣ್ಣಿಟ್ಟಿದ್ದೆ. ಮೊದಲನೇ ಬೆಲ್ ಹೊಡೆಯಿತು. ಎಲ್ಲರೂ ನಿಂತರು. ಕಡ್ಡಿ ಕೂಡ ನಿಂತ, ಒಂದು ಕಲ್ಲನ್ನು ಒದೆಯಲು ಹೋಗಿ ಕಾಲು ಹಿಂದಕ್ಕೆ ಎತ್ತಿದ ಭಂಗಿಯಲ್ಲಿ. ಎರಡನೇ ಬೆಲ್ ಹೊಡೆಯಿತು. ಕಡ್ಡಿ ಅಲುಗಲಿಲ್ಲ. ಅವನನ್ನು ನೋಡಿ ಗೋಡೆ ಅಲುಗಲಿಲ್ಲ, ಆಮೇಲೆ ಉಳಿದ ತಂಡ, ಆಮೇಲೆ ಇಡೀ ಶಾಲೆ. ಜವಾನ ಕೈ ಸೋಲುವವರೆಗೆ ಹೊಡೆದ.

ಹೆಡ್ಮಾಸ್ತರರು ಧಾವಿಸಿ ಬಂದರು. ಶಿಕ್ಷೆ ಕೊಡೋಣವೆಂದರೆ ಯಾರೂ ಏನೂ ಮಾಡುತ್ತಿಲ್ಲ.

"ಎರಡನೇ ಬೆಲ್ ಕೇಳಿಸ್ಲಿಲ್ವೇನೋ?" ಎಂದು ಗೋಡೆಯನ್ನು ಕೇಳಿದರು.

"ಇಲ್ಲ ಸರ್."

ಅವರು ಕಡ್ಡಿಯ ಬಳಿ ಹೋದರು. ದನಿ ಮೆತ್ತಗಾಗಿತ್ತು. "ನೀನು ಸುಳ್ಳು ಹೇಳೋನಲ್ಲ. ಕೇಳಿಸ್ತು ತಾನೇ?"

"ಕೇಳಿಸ್ತು ಸರ್. ಕಾಲು ಬರ್ತಾ ಇಲ್ಲ."

ಕೊನೆಗೆ ನನ್ನ ಸರದಿ. "ಮೇಷ್ಟ್ರೇ, ನೀವಾದ್ರೂ ಮುಂದೆ ನಡೀರಿ, ಹಿಂದೆ ಬರ್ತಾರೆ. ನಿಮಗೆ ಕೇಳಿಸ್ತಲ್ಲ?"

ಗಾಳಿ ಇರಲಿಲ್ಲ. ಇದ್ದಿದ್ದರೂ ಈ ಸಲ ಅದರ ಹೆಸರು ಹೇಳುತ್ತಿರಲಿಲ್ಲ. "ಚೆನ್ನಾಗೇ ಕೇಳಿಸ್ತು ಸರ್," ಎಂದೆ, ಅಲ್ಲೇ ನಿಂತೆ. ಕಡ್ಡಿ ಕತ್ತು ತಿರುಗಿಸಲಿಲ್ಲ, ಅಷ್ಟು ಶಿಸ್ತು. ಕಣ್ಣು ಮಾತ್ರ ನನ್ನ ಕಡೆ ಬಂತು. ಲೋಟದಲ್ಲಿ ಚಹಾ ಆರುತ್ತಿತ್ತು.

ಹೆಡ್ಮಾಸ್ತರರು ಮೈದಾನವನ್ನೊಮ್ಮೆ ಸುತ್ತ ನೋಡಿದರು. ಗೇಟಿನ ಆಚೆ ದಾರಿಹೋಕರು ಸೇರಿದ್ದರು. ಅವರಲ್ಲಿ ಯಾರೋ ‘ಅಬ್ಬಾ’ ಎಂದದ್ದು ನಮಗೆಲ್ಲ ಕೇಳಿಸಿತು. ಹೆಡ್ಮಾಸ್ತರರ ಬೆನ್ನು ನೆಟ್ಟಗಾಯಿತು. ಗಂಟಲು ಸರಿಮಾಡಿಕೊಂಡು ಗೇಟಿಗೆ ಕೇಳುವಂತೆ ಹೇಳಿದರು: "ನಾನು ಪರೀಕ್ಷೆ ಮಾಡ್ತಿದ್ದೆ. ಬೇರೆ ಶಾಲೆ ಮಕ್ಕಳು ಒಂದು ಬೆಲ್ಲಿಗೆ ನಿಲ್ಲೋಲ್ಲ. ನಮ್ಮೋರು ಎರಡಕ್ಕೂ ನಿಲ್ತಾರೆ." ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಜವಾನನಿಗೆ ಕೊಟ್ಟು, ದನಿ ತಗ್ಗಿಸಿ, "ಆ ಚೆಂಡು ತಗೊಂಡು ಬಾ," ಎಂದರು.

ಜವಾನ ಮೆಟ್ಟಿಲ ಮೇಲಿನಿಂದಲೇ ಚೆಂಡನ್ನು ಉರುಳಿಸಿಬಿಟ್ಟ. ನಿಂತ ಹುಡುಗರ ಕಾಲುಗಳ ನಡುವೆ ನುಸುಳಿಕೊಂಡು ಅದು ಕಡ್ಡಿಯ ಹತ್ತಿರ ಬಂತು. ಅವನ ಕಾಲೂ ಬಂತು.