ಶನಿವಾರದ ಬೆಂಚುಗಳು

ಹಿರಿಯ ಪಾಸ್ಟರು ಮಣ್ಣು ಸೇರಿದ ಮೇಲೆ ಆ ಸಭೆಗೆ ಬಂದ ಹೊಸ ಪಾಸ್ಟರನಿಗೆ ಗಂಟಲು ಗಟ್ಟಿಯಿತ್ತು, ಓದು ಬೇಕಾದಷ್ಟಿತ್ತು. ಬಂದವನೇ ಹೊಸ ಮೈಕು, ಹೊಸ ಸ್ಪೀಕರು ಹಾಕಿಸಿದ. ಜನ ಬೆನ್ನ ಹಿಂದೆ 'ಮೈಕಯ್ಯ' ಎಂದು ಹೆಸರಿಟ್ಟರು. ಪೀಠದಿಂದ ಅವನು ಬೋಧಿಸುವ ಪ್ರಸಂಗವೇನೋ ಚೆನ್ನಾಗಿಯೇ ಇರುತ್ತಿತ್ತು. ಆದರೂ ಭಾನುವಾರದಿಂದ ಭಾನುವಾರಕ್ಕೆ ಬೆಂಚುಗಳು ಬರಿದಾಗುತ್ತ ಬಂದವು. ಸಭೆಯೆಂಬ ಕುರಿಮಂದೆ ಕಾಯಲು ತಾನು ಹುಟ್ಟಿದವನಲ್ಲವೇನೋ ಎಂಬ ಹುಳ ಅವನ ತಲೆ ಹೊಕ್ಕಿತು. ಬರುವ ಭಾನುವಾರ ಪೀಠದಿಂದಲೇ ವಿದಾಯ ಹೇಳಿಬಿಡುವುದೆಂದು ಬಟ್ಟೆಬರೆ ಕಟ್ಟಿಟ್ಟ.

ಸಾಲದ್ದಕ್ಕೆ ಆ ಸದ್ದು ಬೇರೆ. ಶನಿವಾರ ಇಳಿಹೊತ್ತಿನಲ್ಲಿ ಅವನು ಪೀಠದ ಹಿಂದಿನ ಕೋಣೆಯಲ್ಲಿ ಪ್ರಸಂಗ ತಯಾರಿಸುತ್ತಿದ್ದರೆ, ಬೀಗ ಹಾಕಿದ ಪ್ರಾರ್ಥನೆಯ ಹಾಲಿನಲ್ಲಿ ಮುಂದಿನ ಬೆಂಚು ಕಿರ್ ಎನ್ನುತ್ತಿತ್ತು, ಯಾರೋ ಮೆಲ್ಲಗೆ ಕೂತ ಹಾಗೆ. ತುಸು ಹೊತ್ತು ನಿಶ್ಶಬ್ದ. ಆಮೇಲೆ ಅದರ ಪಕ್ಕದಲ್ಲೇ ಕಿರ್. ಹೀಗೆ ಒಂದೊಂದೇ ಜಾಗ ದಾಟಿಕೊಂಡು ಬಾಗಿಲವರೆಗೆ. ಇಣುಕಿದರೆ ಒಂದು ನರಪಿಳ್ಳೆಯೂ ಇಲ್ಲ.

ಬಡಗಿಯನ್ನು ಕರೆಸಿದ. ಅವನು ಬೆಂಚುಗಳನ್ನೆಲ್ಲ ಬೋರಲು ಹಾಕಿ, ಸ್ಕ್ರೂ ಬಿಗಿದು, ಮೇಲೆ ಹತ್ತಿ ಕುಣಿದೂ ನೋಡಿದ. ಒಂದೂ ಸೊಲ್ಲೆತ್ತಲಿಲ್ಲ.

"ಮರಕ್ಕೇನೂ ಕಾಯಿಲೆ ಇಲ್ಲ ಪಾಸ್ಟರೇ. ಆನೆ ಕೂತರೂ ಸದ್ದು ಬರಲ್ಲ. ನಿಮ್ಮ ಮೈಕೇ ಏನಾದ್ರೂ ಗೊಣಗ್ತಿರಬೇಕು ನೋಡಿ!"

ಆ ಶನಿವಾರವೂ ಬೆಂಚು ಕಿರ್ ಎಂದಿತು. ತಡೆಯಲಾರದೆ ಚರ್ಚಿನ ಹಿಂದಿನ ಮನೆಗೆ ಓಡಿದ. ಅಲ್ಲಿ ಹಿರಿಯ ಪಾಸ್ಟರ ಹೆಂಡತಿ, ಎಲ್ಲರ ಪಾಸ್ಟರಮ್ಮ, ಒಣಗಿದ ಬಟ್ಟೆ ಮಡಚುತ್ತಿದ್ದರು. ಎಲ್ಲ ಕೇಳಿಸಿಕೊಂಡು ಕೈಯಲ್ಲಿದ್ದ ದುಪ್ಪಟಿಯನ್ನು ಎದೆಗೊತ್ತಿಕೊಂಡರು.

"ಇನ್ನೂ ಬರ್ತಾರಾ?"

"ಯಾರಮ್ಮಾ?"

"ಶನಿವಾರ ಆದ್ರೆ ಅವರು ಒಬ್ಬೊಬ್ಬರು ಕೂರೋ ಜಾಗದಲ್ಲೂ ಕೂತು, ಆ ಜಾಗದವರಿಗೋಸ್ಕರ ಪ್ರಾರ್ಥನೆ ಮಾಡೋರು. ಆ ಕೆಲಸ ಯಾರೂ ಕೈಗೆತ್ತಿಕೊಂಡಿಲ್ಲ ಅಂದ್ರೆ ಪಾಪ, ಅವರೇ ಮಾಡಬೇಕಲ್ಲಪ್ಪ. ಹೋಗು ಮಗಾ, ಅವರಿಗೂ ಸುಸ್ತಾಗಿರತ್ತೆ."

ಅವನು ಬಂದ ದಾರಿಯಲ್ಲೇ ಓಡಿದ. ಹಾಲಿನ ಬಾಗಿಲು ತೆಗೆದಾಗ ಸದ್ದು ಕಂಬದ ಪಕ್ಕದ ಬೆಂಚಿಗೆ ಬಂದಿತ್ತು. ಅಲ್ಲೇ ನಿಂತುಹೋಯಿತು. ಅವನು "ಯೇಸುವೇ, ಯೇಸುವೇ" ಎನ್ನುತ್ತ ಹೋಗಿ ಕೂತ. ಹಲಗೆ ಬೆಚ್ಚಗಿತ್ತು.

ಕಂಬ ಅಡ್ಡ ಬಂದು ಅಲ್ಲಿಂದ ಪೀಠ ಕಾಣುತ್ತಿರಲಿಲ್ಲ. ಹಾಗಾದರೆ ಪೀಠದಿಂದ ಈ ಜಾಗವೂ ಕಾಣದು. ಇಲ್ಲಿ ಕೂರುವವರು ಯಾರು? ಕಣ್ಣು ಮುಚ್ಚಿದರೆ ಒಂದು ಮುಖವೂ ಮೂಡಲಿಲ್ಲ. ಬೀದಿಗೆಲ್ಲ ಕೇಳುವಂತೆ ಬೋಧಿಸಿದವನ ಬಾಯಿಂದ ಪ್ರಾರ್ಥನೆಯ ಒಂದಕ್ಷರ ಹೊರಡಲಿಲ್ಲ.

ವಾಪಸ್ ಹೋಗಿ ಕೇಳಿದ. "ಅದು ನಮ್ಮ ದರ್ಜಿಯ ಜಾಗ. ಈಚೆಗೆ ಬರ್ತಾ ಇಲ್ಲ, ನೀನು ನೋಡಿಲ್ವಾ?" ಎಂದರು ಪಾಸ್ಟರಮ್ಮ.

ದರ್ಜಿಯ ಮನೆ ಎರಡು ಬೀದಿ ಆಚೆ. ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ದೀಪವನ್ನೂ ಹಚ್ಚದೆ ಕೂತಿದ್ದ ಮುದುಕ, ಹೆಜ್ಜೆಯ ಸದ್ದಿಗೆ ತಲೆಯೆತ್ತಿದ.

"ಬಂದ್ರಾ ಪಾಸ್ಟರೇ? ಕಣ್ಣು ಮಂಜಾಗಿ ಸೂಜಿಗೆ ದಾರ ಹೋಗ್ತಿಲ್ಲ ಅಂತ ಯಾರಿಗೂ ಹೇಳಿಲ್ಲ. ನಿಮಗೆ ಮಾತ್ರ ಹೇಗೋ ಗೊತ್ತು. ಶನಿವಾರ ಈ ಹೊತ್ತಿಗೆ ಹೆಗಲ ಮೇಲೆ ಕೈ ಇಡ್ತಿದ್ರಲ್ಲ, ಇವತ್ತು ಇಡಲೇ ಇಲ್ಲ. ನನ್ನ ಕೈ ಬಿಟ್ಟೇಬಿಟ್ರಿ ಅಂದ್ಕೊಂಡೆ."

ಅವನು ಕರೆದದ್ದು ಯಾರನ್ನು? ತನ್ನನ್ನಲ್ಲ ಎಂದು ಹೊಸ ಪಾಸ್ಟರನಿಗೆ ಗೊತ್ತಾಯಿತು. ಆದರೂ ಮುಂದೆ ಹೋಗಿ ಕೈಯನ್ನು ಮುದುಕನ ಹೆಗಲ ಮೇಲಿಟ್ಟ.

"ಹಾಂ, ಅಲ್ಲೇ. ಅದೇ ಜಾಗ," ಎಂದು ದರ್ಜಿ ಉಸಿರು ಬಿಟ್ಟ.

ಭಾನುವಾರ ಪೀಠದಿಂದ ವಿದಾಯದ ಮಾತು ಬರಲಿಲ್ಲ. ದರ್ಜಿಯನ್ನು ಅವನೇ ಕೈ ಹಿಡಿದು ಕರೆತಂದು ಕೂರಿಸಿದ್ದ.

ಮುಂದಿನ ಶನಿವಾರ ಅವನೇ ಮೊದಲ ಬೆಂಚಿನಲ್ಲಿ ಕೂತ. ಬಡಗಿ ಕುಣಿದರೂ ಮಾತಾಡದ ಮರ ಅವನಿಗೆ ಕಿರ್ ಎಂದಿತು. ಒಂದೊಂದೇ ಜಾಗ. ಮುಖ ನೆನಪಾದಲ್ಲಿ ಪ್ರಾರ್ಥಿಸಿದ. ಆಗದ ಕಡೆ, ಆ ಮನೆಗೆ ಹೋಗಬೇಕೆಂದು ಮನಸ್ಸಿನಲ್ಲಿಟ್ಟುಕೊಂಡ. ಹಲಗೆಗಳೆಲ್ಲ ತಣ್ಣಗಿದ್ದವು. ಬೇರೆ ಸದ್ದಿರಲಿಲ್ಲ.

ಬಾಗಿಲ ಬಳಿಯ ಕೊನೆಯ ಜಾಗದಲ್ಲಿ ಆಮೆನ್ ಎಂದು ಕಣ್ಣು ತೆರೆಯುವಷ್ಟರಲ್ಲಿ, ಅಷ್ಟು ದೂರದಲ್ಲಿ, ಪೀಠದ ಪಕ್ಕದಲ್ಲಿದ್ದ ಅವನದೇ ಕುರ್ಚಿ ಮೆಲ್ಲಗೆ ಕಿರ್ ಎಂದಿತು.

ಓಡಬೇಕೆನಿಸಲಿಲ್ಲ. ಅಲ್ಲಿನ ಪ್ರಾರ್ಥನೆ ಮುಗಿಯುವವರೆಗೆ ತಲೆ ಬಾಗಿಸಿ ಕೂತ.