ಎಪ್ಪತ್ತೊಂದರ ಥರ್ಮೋಸ್ಟಾಟ್

ಗ್ಯಾರೇಜಿಗೆ ಬಂದವರು ಮೇಸ್ತ್ರಿಯನ್ನು ಬಿಟ್ಟು "ಅಕ್ಕ ಇದ್ದಾರಾ?" ಎಂದು ಕೇಳಲು ಶುರುಮಾಡಿ ಬಹಳ ದಿನವಾಗಿತ್ತು. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತ ಮನುಷ್ಯ ಅವರ ಕಣ್ಣಿಗೆ ಬೀಳುತ್ತಿರಲಿಲ್ಲವೋ, ಬಿದ್ದರೂ ಮೂಲೆಯ ಹಳೇ ಟೈರುಗಳ ಜೊತೆ ಇನ್ನೊಂದು ಟೈರು ಅಂದುಕೊಳ್ಳುತ್ತಿದ್ದರೋ, ದೇವರೇ ಬಲ್ಲ. ಅಕ್ಕ ಎಂದರೆ ಮೇಸ್ತ್ರಿಯ ಮಗಳು. ಅವಳಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು ಅವನೇ. ಮಂಡಿ ಕೈಕೊಟ್ಟ ಮೇಲೆ ಗ್ಯಾರೇಜನ್ನು ಅವಳಿಗೆ ಒಪ್ಪಿಸಿ, "ನನ್ನ ಮಗಳು ಯಾವ ಗಂಡಸಿಗೆ ಕಮ್ಮಿ?" ಎಂದು ಬೀದಿಗೆಲ್ಲ ಸಾರಿಕೊಂಡು ಬಂದವನೂ ಅವನೇ. ಸಾರುವುದು ಸುಲಭ. ಜನ ಅದನ್ನು ನಂಬಿಬಿಟ್ಟಾಗ ಆಗುವ ಸಂಕಟವೇ ಬೇರೆ.

ಹಾಗಂತ ಮಗಳ ದಾರಿ ಸಲೀಸಾಗಿತ್ತೆ? ಎಲ್ಲಿ ಬಂತು! ಹೆಂಗಸು ಎಂಜಿನ್ ಬಿಚ್ಚುತ್ತಾಳೆ ಎಂದರೆ ಮೂಗು ಮುರಿಯುವವರೇ ಹೆಚ್ಚು. ಒಬ್ಬೊಬ್ಬರನ್ನೇ ಒಪ್ಪಿಸಿಕೊಂಡು ಹೆಸರು ಗಳಿಸುತ್ತ ಬಂದು, ಈಗ ಲಾರಿ ಸಂಘದ ಅಧ್ಯಕ್ಷನೇ "ಸಂಘದ ಗಾಡಿಗಳನ್ನೆಲ್ಲ ನಿನ್ನ ಹತ್ರಾನೇ ಕಳಿಸೋಣ ಅಂತಿದ್ದೀವಮ್ಮ, ಇನ್ನೊಂದು ಸ್ವಲ್ಪ ದಿನ ನಿನ್ನ ಕೆಲಸ ನೋಡ್ತೀವಿ" ಎನ್ನುವ ತನಕ ಬಂದಿದ್ದಳು. ಆ ಸ್ವಲ್ಪ ದಿನದಲ್ಲೇ ಹಾರ್ನ್‌ನ ಲಾರಿ ರಿಪೇರಿಗೆ ಬಂತು.

ಹಾರ್ನ್ ಎಂಬುದು ಮೊಟ್ಟೆ ಸಾಗಿಸುವ ಡ್ರೈವರ್ ಒಬ್ಬನಿಗೆ ಸಂಘದವರು ಇಟ್ಟ ಹೆಸರು. ಗಾಡಿಗಿಂತ ಮೊದಲು ಅವನ ಗಂಟಲು ಬರುತ್ತಿತ್ತು. ಏರು ಹತ್ತುವಾಗ ಎಂಜಿನ್ ವಿಪರೀತ ಕಾಯುತ್ತದೆ ಎಂದು ಅವನ ದೂರು. ಮಗಳು ರೇಡಿಯೇಟರ್ ಬಿಚ್ಚಿ ಒಳಗಿನ ಕಿಲುಬನ್ನೆಲ್ಲ ತೊಳೆಸಿದಳು, ಥರ್ಮೋಸ್ಟಾಟನ್ನೂ ಹೊಸದು ಹಾಕಿದಳು. ಎಂಜಿನ್ ಇಂತಿಷ್ಟು ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆದಿಡುವ ಪುಟ್ಟ ಬಾಗಿಲು ಅದು, ಅಂಗೈಯಲ್ಲಿ ಹಿಡಿಸುತ್ತದೆ. ಅವಳು ಹಾಕಿದ್ದರ ಮೇಲೆ ಎಂಬತ್ತೆರಡು ಎಂದು ಒತ್ತಿತ್ತು. ಎಂಬತ್ತೆರಡು ಡಿಗ್ರಿಗೆ ತೆರೆಯುವಂಥದ್ದು. ಆ ಎಂಜಿನ್‌ಗೆ ಬೇಕಾದದ್ದೂ ಅದೇ.

ಓಡಿಸಿ ನೋಡಿದಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದು ನಿಂತಿತು. ಮೇಸ್ತ್ರಿಯ ಬಾಯಿ ಸುಮ್ಮನಿರಲಿಲ್ಲ.

"ಇಷ್ಟು ಮೇಲೆ ಯಾಕೆ ನಿಲ್ಬೇಕು? ಎಪ್ಪತ್ತೊಂದರದ್ದು ಹಾಕು. ಬೇಗ ತೆರೆಯುತ್ತೆ, ತಣ್ಣಗಿರುತ್ತೆ. ನಾವೆಲ್ಲ ಅದನ್ನೇ ಹಾಕ್ತಿದ್ದಿದ್ದು."

"ಬೇಡ ಅಪ್ಪ. ಕಾಯ್ತಿದ್ದಿದ್ದು ರೇಡಿಯೇಟರ್ ಕಟ್ಕೊಂಡಿದ್ದಕ್ಕೆ. ಎಂಜಿನ್‌ಗೂ ಒಂದಿಷ್ಟು ಬಿಸಿ ಬೇಕು."

"ತಣ್ಣಗಿದ್ದಷ್ಟೂ ಎಂಜಿನ್‌ಗೆ ಆಯಸ್ಸು ಕಣೇ."

"ಅಯ್ಯೋ ಅಪ್ಪ, ನೀನು ಹೇಳೋ ಎಂಜಿನ್‌ಗಳೆಲ್ಲ ಗುಜರಿಗೆ ಹೋಗಿ ಎಷ್ಟೋ ಕಾಲ ಆಯ್ತು" ಎಂದು ಮಗಳು ನಕ್ಕಳು. ಹಾರ್ನ್ ಕೂಡ ನಕ್ಕ. ಅವನು ನಕ್ಕಿದ್ದು ಬೀದಿಯ ಆ ತುದಿಗೂ ಕೇಳಿಸಿರಬೇಕು.

ತಮಾಷೆಗೆ ಆಡಿದ ಮಾತು, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದಿತ್ತು. ಮೇಸ್ತ್ರಿ ಬಿಡಲಿಲ್ಲ. ಮಗಳು ಲೇತ್ ಅಂಗಡಿಗೂ ಹಾರ್ನ್ ಊಟಕ್ಕೂ ಹೊರಟದ್ದೇ ತಡ, ಎದ್ದು ತನ್ನ ಹಳೇ ಸಾಮಾನಿನ ಪೆಟ್ಟಿಗೆ ತೆಗೆದ. ಎಂಜಿನ್ ಆರಿದ್ದನ್ನು ಕೈಯಿಟ್ಟು ನೋಡಿದ, ಒಂದಿಷ್ಟು ನೀರು ಇಳಿಸಿದ, ಬೋಲ್ಟ್ ಬಿಚ್ಚಿ ಮಗಳ ಎಂಬತ್ತೆರಡನ್ನು ಕಿತ್ತು, ಅದರ ಜಾಗದಲ್ಲಿ ತನ್ನ ಎಪ್ಪತ್ತೊಂದನ್ನು ಕೂರಿಸಿದ. ಅದರ ಸ್ಪ್ರಿಂಗ್ ಎಂಜಿನ್ ಕಡೆಗೆ, ಎಲ್ಲ ಸರಿಯಾಗೇ ಇತ್ತು; ಕೈ ಮರೆತಿರಲಿಲ್ಲ. ನೀರು ತುಂಬಿಸಿ, ಕೈ ಒರೆಸಿಕೊಂಡು, ಏನೂ ಅರಿಯದವನಂತೆ ಕುರ್ಚಿಗೆ ಬಂದು ಕೂತ. ಮಂಡಿ ನೋವು ಎಲ್ಲಿ ಹೋಗಿತ್ತೋ ಏನೋ.

ಹಾರ್ನ್ ಬಂದು ಗಾಡಿ ಹೊರಡಿಸಿದಾಗ ಮುಳ್ಳು ಮೊದಲಿಗಿಂತ ಕೆಳಗಿತ್ತು. "ಅಕ್ಕನ ಕೈ ಅಂದ್ರೆ ಕೈ!" ಎಂದು ಕಿರುಚಿಕೊಂಡೇ ಹೋದ. ಮೇಸ್ತ್ರಿ ಮೀಸೆಯೊಳಗೇ ನಕ್ಕ. ಅವನ ಲೆಕ್ಕಾಚಾರ ಇಷ್ಟೇ: ಹಾರ್ನ್ ವಾಪಸ್ ಬರಲಿ, ಎಂಜಿನ್ ಮಂಜುಗಡ್ಡೆಯ ಹಾಗಿದೆ ಎಂದು ಮಗಳನ್ನು ಹೊಗಳಲಿ, ಆಗ ತಾನು ಎದ್ದು ನಿಂತು ಎಲ್ಲರೆದುರು ಹೇಳಬೇಕು. ಏನು ಹೇಳಬೇಕು, ಯಾವ ಧಾಟಿಯಲ್ಲಿ ಹೇಳಬೇಕು ಎನ್ನುವುದನ್ನೂ ಅಭ್ಯಾಸ ಮಾಡಿಕೊಂಡಿದ್ದ. ಮುದುಕನಾದರೂ ಬುದ್ಧಿ ಮಕ್ಕಳದ್ದೇ.

ಹಾರ್ನ್ ಬಂದ. ಈ ಸಲ ಗಂಟಲು ಬರಲಿಲ್ಲ, ಗಾಡಿಯೇ ಮೊದಲು ಬಂತು. ಎಡಗಡೆ ಬಾಗಿಲು ಉದ್ದಕ್ಕೂ ಉಜ್ಜಿ ಹೋಗಿತ್ತು, ಪಕ್ಕದ ಕನ್ನಡಿ ಕಿತ್ತು ನೇತಾಡುತ್ತಿತ್ತು, ಹಿಂದಿನಿಂದ ಹಳದಿ ಲೋಳೆ ಸೋರಿ ಒಣಗಿತ್ತು. ಹಾರ್ನ್‌ನ ಕೈಗೆ ಬ್ಯಾಂಡೇಜು. ಜೊತೆಯಲ್ಲಿ ಲಾರಿ ಸಂಘದ ಅಧ್ಯಕ್ಷನೂ ಇಳಿದ.

"ಏನು ಮಾಡಿದ್ದೀಯಮ್ಮ ನನ್ನ ಗಾಡಿಗೆ?" ಎಂದ ಹಾರ್ನ್. "ಬೆಳಿಗ್ಗೆ ಹೊತ್ತು, ಘಾಟಿ ಇಳೀತಿದ್ದೆ. ಹೊರಗೆ ಹಾಳು ಚಳಿ. ಹೀಟರ್ ಹಾಕಿದ್ರೆ ತಣ್ಣನೆ ಗಾಳಿ! ಮುಂದಿನ ಗಾಜು ಪೂರ್ತಿ ಹಬೆ ಕಟ್ಕೊಂಡು ಬಿಡ್ತು. ಒಂದು ಕೈಲಿ ಒರೆಸ್ತಾ ಒಂದು ಕೈಲಿ ಓಡಿಸ್ತಿದ್ದೆ, ತಿರುವು ಕಾಣ್ಲೇ ಇಲ್ಲ. ತಡೆಗೋಡೆ ಇತ್ತು, ಬದುಕಿದೆ. ಇಲ್ದಿದ್ರೆ ನನ್ನ ಹೆಂಡ್ತಿ ಇವತ್ತು ಅಳ್ತಾ ಕೂತಿರೋಳು. ಇಲ್ಲಿಗೆ ಬರೋ ಮುಂಚೆ ಹೀಟರ್ ಚೆನ್ನಾಗೇ ಇತ್ತು."

ಹೀಟರ್‌ಗೆ ಬಿಸಿ ಬರುವುದು ಎಂಜಿನ್ ನೀರಿನಿಂದ ಎಂಬುದು ಮೇಸ್ತ್ರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಎಪ್ಪತ್ತೊಂದು ಬೇಗ ತೆರೆಯುವುದಿರಲಿ, ತೆರೆದದ್ದು ಪೂರ್ತಿ ಮುಚ್ಚಿಯೂ ಇರಲಿಕ್ಕಿಲ್ಲ. ಇಳಿಜಾರಿನಲ್ಲಿ, ಆ ಚಳಿಯಲ್ಲಿ, ಎಂಜಿನ್ ಬೆಚ್ಚಗಾಗುವುದಾದರೂ ಹೇಗೆ?

ಮಗಳು ಥರ್ಮೋಸ್ಟಾಟಿನ ಬೋಲ್ಟ್ ಬಿಚ್ಚಿದಳು. ಹೊರಬಂದದ್ದನ್ನು ಹೆಬ್ಬೆರಳಿನಿಂದ ಉಜ್ಜಿ ಬೆಳಕಿಗೆ ಹಿಡಿದು ನೋಡಿದಳು. ಅದರ ಬಾಯಿ ಅರೆತೆರೆದೇ ಸಿಕ್ಕಿಕೊಂಡಿತ್ತು, ಮೇಲೆ ಎಪ್ಪತ್ತೊಂದು ಎಂದು ಒತ್ತಿತ್ತು. ಅವಳು ಒಂದೇ ಒಂದು ಸಲ ಕತ್ತೆತ್ತಿ ಅಪ್ಪನ ಕಡೆ ನೋಡಿದಳು.

ಅದೇ ಹೊತ್ತು. ಹೇಳಬೇಕಾಗಿದ್ದದ್ದು ಆಗಲೇ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಧ್ಯಕ್ಷ "ಯಾವ ತಲೆಹೋಕ ಈ ಹಳೇದನ್ನ ಹಾಕಿದ್ದು?" ಎಂದು ಕೇಳಿಬಿಟ್ಟ. ತಲೆಹೋಕ ಎಂಬ ಮಾತು ಕೇಳಿದ ಕೂಡಲೇ ಮೇಸ್ತ್ರಿಯ ಬಾಯಿಗೆ ಬೀಗ ಬಿತ್ತು. ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಪಟ್ಟಿ ಸರಿಯಾಗೇ ಇತ್ತು.

"ನಾನೇ ಹಾಕಿದ್ದು" ಎಂದಳು ಮಗಳು. "ನಂದೇ ತಪ್ಪು, ಅಣ್ಣ. ಬಾಗಿಲು, ಕನ್ನಡಿ, ಎಲ್ಲ ನಾನೇ ಸರಿ ಮಾಡ್ಕೊಡ್ತೀನಿ."

"ಇಂಥದ್ದೆಲ್ಲ ನಿನ್ನ ಕೈಲಿ ಆಗೋ ಕೆಲ್ಸ ಅಲ್ಲಮ್ಮ ಅಂತ ಎಲ್ರೂ ಮೊದ್ಲೇ ಹೇಳಿದ್ರು, ನಾನೇ ಕೇಳ್ಲಿಲ್ಲ" ಎಂದು ಅಧ್ಯಕ್ಷ ತಲೆಯಾಡಿಸಿ ಹೊರಟ. ಸಂಘದ ಗಾಡಿಗಳ ಮಾತು ಅಲ್ಲಿಗೆ ಮುಗಿಯಿತು. ಮಗಳು ಆ ಎಪ್ಪತ್ತೊಂದನ್ನು ಗುಜರಿ ಡಬ್ಬಕ್ಕೆ ಹಾಕಿ ಕೆಲಸಕ್ಕೆ ಬಗ್ಗಿದಳು.

ಮನೆಯಲ್ಲಾದರೂ ಅವಳು ಜಗಳ ಆಡುತ್ತಾಳೆ, ನಾಲ್ಕು ಮಾತು ಬಯ್ಯುತ್ತಾಳೆ ಎಂದು ಮೇಸ್ತ್ರಿ ಕಾದ. ಬಯ್ದಿದ್ದರೆ ತಾನೂ ಒಂದು ಮಾತು ಎದುರು ಆಡಿ, ಕೊನೆಗೆ ತಪ್ಪಾಯ್ತು ಎಂದುಬಿಡಬಹುದಿತ್ತು. ಅವಳು ಊಟ ಬಡಿಸಿ, "ಮಂಡಿ ಮಾತ್ರೆ ತಗೊಂಡ್ಯಾ?" ಎಂದಷ್ಟೇ ಕೇಳಿದಳು. ಮೇಸ್ತ್ರಿ ತಟ್ಟೆಯ ಅನ್ನವನ್ನು ಮತ್ತೆ ಮತ್ತೆ ಕಲಸುತ್ತ ಕೂತ. ಥೂ, ಇದೂ ಒಂದು ಬಾಳೇ ಎಂದು ತನಗೆ ತಾನೇ ಉಗಿದುಕೊಂಡ. ಮಗಳು ಕಷ್ಟಪಟ್ಟು ಸಂಪಾದಿಸಿದ ಹೆಸರನ್ನು ಬೀದಿಯಲ್ಲಿ ಚೆಲ್ಲಿ, ಅವಳ ಕೈಯಿಂದಲೇ ಬಡಿಸಿಕೊಂಡು ತಿನ್ನುತ್ತಿದ್ದೀನಲ್ಲ!

ಬೆಳಗಾದ ಮೇಲೆ ಸಂಘದ ಕಚೇರಿ ಎದುರಿನ ಚಹಾ ಅಂಗಡಿಗೆ ಹೋದ. ಅಧ್ಯಕ್ಷ, ಹಾರ್ನ್, ಇನ್ನೂ ಕೆಲವು ಡ್ರೈವರುಗಳು ಅಲ್ಲಿದ್ದರು. ಅವರ ಬಾಯಲ್ಲಿ ಮಗಳದ್ದೇ ಸುದ್ದಿ. ಮೇಸ್ತ್ರಿಯನ್ನು ಕಂಡು ಮಾತು ನಿಲ್ಲಿಸಿದರು. ಹಾರ್ನ್ ಎದ್ದು ಜಾಗ ಬಿಟ್ಟುಕೊಟ್ಟ. ಮೇಸ್ತ್ರಿ ಕೂರಲಿಲ್ಲ.

"ಅದನ್ನ ಹಾಕಿದ್ದು ನಾನು" ಎಂದ. "ಮಗಳು ಸರಿಯಾದ್ದೇ ಹಾಕಿದ್ಲು. ಅವಳು ಲೇತ್‌ಗೆ ಹೋದಾಗ ನಾನು ಬದಲಾಯ್ಸಿದೆ. ಅವಳಿಗೆ ಗೊತ್ತೇ ಇರ್ಲಿಲ್ಲ."

ಹಾರ್ನ್ ಬ್ಯಾಂಡೇಜಿನ ಕೈಯಿಂದಲೇ ಕಣ್ಣೊರೆಸಿಕೊಂಡ.

"ನೋಡ್ರಪ್ಪ, ಹೆತ್ತ ಕರುಳು ಅಂದ್ರೆ ಇದು" ಎಂದ.

"ಹೆತ್ತ ಕರುಳು ಅಲ್ಲ ಕಣಯ್ಯ, ನಿಜ ಹೇಳ್ತಿದ್ದೀನಿ!"

"ಗೊತ್ತು ಬಿಡಿ ಮೇಸ್ತ್ರಿಗಳೇ, ನಮಗೂ ಹೆಣ್ಮಕ್ಳಿದ್ದಾರೆ" ಎಂದ ಅಧ್ಯಕ್ಷ. "ಅವಳ ತಪ್ಪನ್ನ ನಿಮ್ಮ ತಲೆ ಮೇಲೆ ಹೊತ್ಕೊಳ್ಳೋಕೆ ಬಂದಿದ್ದೀರ."

ಮೇಸ್ತ್ರಿ ಆಣೆ ಹಾಕಿದ. ಯಾವ ಬೋಲ್ಟ್ ಮೊದಲು ಬಿಚ್ಚಿದೆ, ನೀರು ಯಾವ ಬಕೆಟ್ಟಿಗೆ ಇಳಿಸಿದೆ, ಎಲ್ಲ ಹೇಳಿದ. ಅವನು ಆಣೆ ಹಾಕಿದಷ್ಟೂ ಅವರ ಮುಖದಲ್ಲಿ ಕರುಣೆ ಉಕ್ಕಿತು. ಯಾರೋ ಚಹಾ ತಂದು ಕೈಗಿಟ್ಟರು.

"ಸರಿ, ನೀವೇ ಹಾಕಿದ್ರೆ ನಿನ್ನೆ ಅಲ್ಲೇ ನಿಂತಿದ್ರಲ್ಲ, ಯಾಕೆ ಹೇಳ್ಲಿಲ್ಲ?" ಎಂದು ಅಧ್ಯಕ್ಷ ನಗುತ್ತ ಕೇಳಿದ.

"ನಾಚಿಕೆ ಆಯ್ತು. ಹೆದ್ರಿದೆ."

"ನೀವು? ಹೆದ್ರೋದಾ?" ಎಲ್ಲರೂ ನಕ್ಕರು. "ಇಷ್ಟು ವರ್ಷ ಎಂಜಿನ್ ಬಿಚ್ಚಿದ ಕೈ ಇಂಥ ಕೆಲ್ಸ ಮಾಡುತ್ತಾ? ಹೋಗ್ಲಿ ಬಿಡಿ. ನಿಮ್ಮ ಮುಖ ನೋಡಿ ಒಂದು ಮಾತು ಹೇಳ್ತೀನಿ. ಸಂಘದ ಗಾಡಿ ಕಳಿಸ್ತೀವಿ. ಆದ್ರೆ ಕೈ ಹಾಕೋದು ನೀವೇ. ಅವಳು ಪಕ್ಕದಲ್ಲಿ ನಿಂತು ಕಲೀಲಿ."

ಮೇಸ್ತ್ರಿ ಚಹಾ ಕುಡಿಯದೆ ಇಟ್ಟು ಬಂದ. ಗ್ಯಾರೇಜಿನಲ್ಲಿ ಮಗಳು ಹಾರ್ನ್‌ನ ಬಾಗಿಲನ್ನು ತಟ್ಟಿ ನೇರಮಾಡುತ್ತಿದ್ದಳು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅವಳು ಸುತ್ತಿಗೆ ಕೆಳಗಿಟ್ಟಳು.

"ನಿನ್ನೆ ಹೇಳಿದ್ರೆ ನಂಬ್ತಿದ್ರು ಅಪ್ಪ" ಎಂದಳು.

ಅಷ್ಟೇ ಅಂದದ್ದು. ನೆಲ ಬಿರಿದು ತನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಅನಿಸಿತು ಮೇಸ್ತ್ರಿಗೆ.

ಮಧ್ಯಾಹ್ನ ಸಂಘದ ಗಾಡಿಯೊಂದು ಬಂದೇ ಬಂತು. ಎಂಜಿನ್ನಿನಿಂದ ಕಿರ್ರ್ ಎಂಬ ಸದ್ದು. ಡ್ರೈವರ್ ಇಳಿದವನೇ, "ಮೇಸ್ತ್ರಿಗಳೇ, ನೀವೇ ನೋಡ್ಬೇಕಂತೆ" ಎಂದ.

"ನಾನು ಮುಟ್ಟಲ್ಲ. ಅವಳು ನೋಡ್ತಾಳೆ."

"ಹಾಗಾದ್ರೆ ಬೇರೆ ಕಡೆ ತೋರಿಸ್ತೀನಿ ಬಿಡಿ" ಎಂದು ಡ್ರೈವರ್ ಮತ್ತೆ ಲಾರಿಯ ಮೆಟ್ಟಿಲಿಗೆ ಕಾಲಿಟ್ಟ.

"ಇರಿ ಅಣ್ಣ, ಅಪ್ಪಾನೇ ನೋಡ್ತಾರೆ" ಎಂದಳು ಮಗಳು. ಹತ್ತಿರ ಬಂದು ಸ್ಪ್ಯಾನರ್ ಚಾಚಿದಳು. ಮೇಸ್ತ್ರಿ ಬೇಡ ಎನ್ನುವಂತೆ ನೋಡಿದ. "ಏಳು" ಎಂದಳು ಮೆಲ್ಲಗೆ. "ಈ ಗಾಡಿ ವಾಪಸ್ ಹೋದ್ರೆ ಇನ್ನೊಂದು ಬರಲ್ಲ."

ಅವನು ಎದ್ದು ಎಂಜಿನ್ ಮೇಲೆ ಬಗ್ಗಿದ. ಮಗಳು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಳು. ಅವನ ಕೈ ನೀರಿನ ಪಂಪಿನ ಕಡೆ ಹೋಯಿತು. "ಪಂಪ್ ಅಲ್ಲ, ಬೆಲ್ಟ್ ಬಿಗಿ ಮಾಡೋ ಪುಲ್ಲಿ" ಎಂದು ಅವಳು ತುಟಿ ಅಲುಗಿಸದೆ ಹೇಳಿದಳು. ಅವನು ಕೈ ಸರಿಸಿದ. "ಬೇರಿಂಗ್ ಹೋಗಿದೆ. ಮೊದ್ಲು ಬೆಲ್ಟ್ ಇಳಿಸು." ಅವನು ಬೆಲ್ಟ್ ಇಳಿಸಿದ. ಅವಳು ಹೇಳುತ್ತ ಹೋದಳು, ಅವನು ಮಾಡುತ್ತ ಹೋದ. ಹೊಸ ಪುಲ್ಲಿ ಕೂತು ಎಂಜಿನ್ ಚಾಲೂ ಆದಾಗ ಕಿರ್ರ್ ಸದ್ದು ಮಾಯವಾಗಿತ್ತು.

"ಅನುಭವ ಅಂದ್ರೆ ಇದು!" ಎಂದು ಡ್ರೈವರ್ ಉಬ್ಬಿಹೋದ. ಆಮೇಲೆ ಮಗಳ ಕಡೆ ತಿರುಗಿ, "ಸುಮ್ನೆ ಟಾರ್ಚ್ ಹಿಡ್ಕೊಂಡು ನಿಂತ್ರೆ ಆಗಲ್ಲಮ್ಮ. ಅಪ್ಪ ಹೇಗೆ ಮಾಡ್ತಾರೆ ಅಂತ ನೋಡಿ ಕಲೀಬೇಕು" ಎಂದ.

"ಹೂಂ ಅಣ್ಣ" ಎಂದಳು ಮಗಳು. "ಕಲೀತಿದ್ದೀನಿ."

ಅವಳ ದನಿಯಲ್ಲಿ ಕೊಂಕು ಇದ್ದಿದ್ದರೆ ಮೇಸ್ತ್ರಿ ಹೇಗೋ ತಡೆದುಕೊಳ್ಳುತ್ತಿದ್ದ. ಒಂದಿಷ್ಟೂ ಇರಲಿಲ್ಲ. ಡ್ರೈವರ್ ಕೈಕುಲುಕಲೆಂದು ಕೈ ಚಾಚಿಕೊಂಡು ಕಾಯುತ್ತಿದ್ದ, ಮೇಸ್ತ್ರಿ ಬಗ್ಗಿಸಿದ ತಲೆ ಎತ್ತದೆ, ಬಿಗಿಯಾಗೇ ಇದ್ದ ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡತೊಡಗಿದ.