ಆ ಎನ್ನದ ಕೂಸು

ಎರಡು ದಿನದಿಂದ ಕೂಸು ಚಮಚಕ್ಕೆ ಬಾಯಿ ತೆರೆದಿಲ್ಲ ಎಂದು ಶಿಶುಪಾಲನಾ ಕೇಂದ್ರದ ಆಯಾ ದೊಡ್ಡಮ್ಮ ಫೋನಿನಲ್ಲಿ ಹೇಳಿದಾಗ ನಾನು ಎಂದಿನಂತೆ ಕೇಳಿಸಿಕೊಂಡೆ. ಸೋಂಕು ಹಬ್ಬಿದ ಮೇಲೆ ಹನ್ನೊಂದು ಶಿಶುಪಾಲನಾ ಕೇಂದ್ರಗಳನ್ನು ಇಲಾಖೆ ನನ್ನ ಹೆಗಲಿಗೆ ಹಾಕಿತ್ತು. ದಿನಕ್ಕೊಮ್ಮೆ ಫೋನ್ ಮಾಡಬೇಕು, ಬೇಕಾದ್ದನ್ನು ಒದಗಿಸಬೇಕು, ನಿಯಮ ತಪ್ಪಿದರೆ ಬೀಗ ಹಾಕಿಸಬೇಕು.

"ಸಾಹೇಬ್ರು ನನ್ನ ಮುಖ ನೋಡ್ತಾರೆ, ಮೂಗು ಮುರೀತಾರೆ, ಆ ಕಡೆ ತಿರುಗ್ತಾರೆ. ಅಷ್ಟೇ ಮೇಡಂ," ಎಂದರು ದೊಡ್ಡಮ್ಮ.

ಸಾಹೇಬರೆಂದರೆ ಹತ್ತು ತಿಂಗಳ ಕೂಸು. ತಾಯಿ ಆಸ್ಪತ್ರೆಯ ಜ್ವರದ ವಾರ್ಡಿನಲ್ಲಿ ನರ್ಸು. ಹದಿನಾಲ್ಕು ದಿನ ಅಲ್ಲೇ ದುಡಿದು ಅಲ್ಲೇ ಮಲಗುವ ಸರದಿ, ಶುರುವಾಗಿ ಮೂರು ದಿನವಾಗಿತ್ತು. ತಂದೆ ಲಾರಿ ಚಾಲಕ, ಗಡಿ ಮುಚ್ಚಿ ಆಚೆ ಸಿಕ್ಕಿಬಿದ್ದಿದ್ದ. ಹಗಲೂ ರಾತ್ರಿಯೂ ಕೂಸಿಗೆ ದೊಡ್ಡಮ್ಮನ ಮಡಿಲೇ ಗತಿ. ಕೇಂದ್ರದ ಎರಡು ಕೋಣೆಗಳಲ್ಲಿ ನರ್ಸುಗಳ ಮಕ್ಕಳೇ ಇನ್ನೂ ಎಂಟು. ಅವರೆಲ್ಲ ಎರಡು ವರ್ಷ ದಾಟಿದವರು, ಚೆಲ್ಲಿಯೋ ಬಳಿದುಕೊಂಡೋ ತಾವೇ ತಿನ್ನುವವರು.

"ಹಾಲು?"

"ನಿದ್ದೆಗಣ್ಣಲ್ಲಿ ಬಾಟಲಿ ಇಟ್ರೆ ನಾಲ್ಕು ಗುಟುಕು. ಎಚ್ಚರ ಆಯ್ತೋ, ಅದೂ ಇಲ್ಲ. ತೂಕ ಇಳೀತಿದೆ. ಡಾಕ್ಟರು ನಾಳೆವರೆಗೆ ನೋಡೋಣ, ಆಮೇಲೆ ಆಸ್ಪತ್ರೆಗೆ ತನ್ನಿ ಅಂದಿದಾರೆ."

ಮಕ್ಕಳ ವಾರ್ಡು ಜ್ವರದ ವಾರ್ಡಿನ ಕೆಳಗಿನ ಮಹಡಿಯಲ್ಲೇ ಇತ್ತು. ಹೋದ ವಾರ ಬೇರೆ ಕಾಯಿಲೆಗೆಂದು ಸೇರಿಸಿದ್ದ ಎರಡು ಮಕ್ಕಳಿಗೆ ಅಲ್ಲೇ ಸೋಂಕು ತಗುಲಿತ್ತು. ಇದು ಅವರಿಗೂ ಗೊತ್ತು, ನನಗೂ ಗೊತ್ತು.

"ಯಾಕೆ ತೆರೀತಿಲ್ಲ ದೊಡ್ಡಮ್ಮ?"

"ಇನ್ನೇಕೆ? ನನ್ನ ಬಾಯಿ ಕಾಣ್ತಿಲ್ಲವಲ್ಲ!"

ಯಾವ ತರಬೇತಿಯಲ್ಲೂ ಹೇಳಿಕೊಡದ ಸಂಗತಿ ಅದು. ಕೂಸಿಗೆ ಉಣಿಸುವವರ ಬಾಯಿ ತಾನೇ ತಾನಾಗಿ ಮೊದಲು ತೆರೆಯುತ್ತದೆ, ಆ ಎನ್ನುತ್ತದೆ. ಅದನ್ನು ನೋಡಿ ಕೂಸಿನದು ತೆರೆಯುತ್ತದೆ. ಮೂವತ್ತು ವರ್ಷ ದೊಡ್ಡಮ್ಮ ಉಣಿಸಿದ್ದು ಹಾಗೆಯೇ. ಈಗಲೂ ಮಾಸ್ಕಿನ ಒಳಗೆ ಅವರ ಬಾಯಿ ಸುಮ್ಮನೆ ತೆರೆದು ಮುಚ್ಚುತ್ತಿತ್ತು, ಯಾರಿಗೂ ಕಾಣದಂತೆ.

ಮಾಸ್ಕ್ ಇಳಿಸುವ ಮಾತಿರಲಿಲ್ಲ. ಅವರ ತಂಗಿಯೂ ಅಲ್ಲೇ ಕೆಲಸಕ್ಕಿದ್ದಳು. ಹೋದ ತಿಂಗಳು ಒಂದು ಮಗುವಿಗೆ ಉಣಿಸಲು ಮಾಸ್ಕ್ ಕೆಳಗೆಳೆದಿದ್ದಳು. ಮಾರನೆಯ ದಿನ ಅವಳಿಗೆ ಜ್ವರ ಕಂಡಿತು, ಕೇಂದ್ರಕ್ಕೆ ಹತ್ತು ದಿನ ಬೀಗ ಬಿತ್ತು, ಒಂಬತ್ತು ನರ್ಸುಗಳು ವಾರ್ಡು ಬಿಟ್ಟು ಮನೆಯಲ್ಲಿ ಕೂತರು. ತಂಗಿ ಇನ್ನೂ ಆಮ್ಲಜನಕದ ಮೇಲಿದ್ದಳು. ಮತ್ತೆ ಬಾಗಿಲು ತೆರೆಯುವ ಆದೇಶವನ್ನು ಬರೆದವಳು ನಾನೇ: ಮಾಸ್ಕ್ ಒಮ್ಮೆ ಇಳಿದರೂ ಕೇಂದ್ರವನ್ನು ಮುಚ್ಚತಕ್ಕದ್ದು.

ಮುಚ್ಚಿದ ಮುಖಕ್ಕೆ ಮಕ್ಕಳು ಹೆದರುತ್ತವೆಂದು ಮೊದಲೇ ಮುಖ ಕಾಣುವ ಪ್ಲಾಸ್ಟಿಕ್ ಮಾಸ್ಕ್ ಕೇಳಿದ್ದೆ. ಆಸ್ಪತ್ರೆಗೇ ಸಾಲದು ಎಂದರು ಇಲಾಖೆಯವರು. ಕೊನೆಗೆ ನನ್ನದೇ ಬುದ್ಧಿ ಉಪಯೋಗಿಸಿ, ನಗುವ ತುಟಿ ಅಚ್ಚಾದ ಬಟ್ಟೆಯ ಮಾಸ್ಕುಗಳನ್ನು ಕಳಿಸಿದ್ದೆ.

"ನೀವು ಕಳಿಸಿದ್ದನ್ನ ಹಾಕ್ಕೊಂಡೆ," ಎಂದರು ದೊಡ್ಡಮ್ಮ. "ಎಂಟೂ ಮಕ್ಕಳು ಒಟ್ಟಿಗೆ ಕಿಟಾರನೆ ಕಿರುಚಿದ್ವು. ಬೈದ್ರೂ ನಗ್ತೀನಿ, ಕೂಗಿದ್ರೂ ನಗ್ತೀನಿ. ದೆವ್ವ ಕೂಡ ಆಗಾಗ ಬಾಯಿ ಮುಚ್ಚತ್ತೆ ಮೇಡಂ!"

ನಗು ಬಂತು. ಅವರೂ ನಕ್ಕರು. ನಗುತ್ತಲೇ ಅವರ ಉಸಿರು ನಡುವೆ ತುಂಡಾಯಿತು. ಅಪ್ಪ ಸಂಜೆ ದೇವರ ಮುಂದೆ ಪದ್ಯ ಓದುವಾಗ ಎಲ್ಲಿ ಉಸಿರು ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಕೇಳಿ ಬೆಳೆದವಳು ನಾನು. ಇದು ನಿಲ್ಲಬಾರದ ಕಡೆ ನಿಂತ ಉಸಿರು.

"ಅಳ್ತಿದೀರಾ?"

"ಇಲ್ಲಪ್ಪ, ಮಾಸ್ಕ್ ಒಳಗೆ ಬೆವರು." ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಒಂದೇ ಒಂದು ಸಲ ಇಳಿಸ್ಲಾ? ನೀವು ಈ ಮಾತು ಕೇಳಿಸ್ಕೊಂಡೇ ಇಲ್ಲ ಅಂದ್ಕೊಳ್ಳಿ."

ಹೂಂ ಎಂದರೆ ಒಂಬತ್ತು ಮಕ್ಕಳಿಗೆ ಅಪಾಯ, ಉಹೂಂ ಎಂದರೆ ಒಂದು ಕೂಸಿಗೆ.

"ಇಳಿಸ್ಬೇಡಿ. ಬರ್ತಾ ಇದೀನಿ," ಎಂದೆ. ಹೋಗಿ ಏನು ಮಾಡುವೆನೋ ನನಗೇ ಗೊತ್ತಿರಲಿಲ್ಲ.

ಬೀದಿ ಬಿಕೋ ಎನ್ನುತ್ತಿತ್ತು. ಕೇಂದ್ರದ ಹೊಸ್ತಿಲಲ್ಲಿ ಅಂಗೈಯಗಲದ ಚಪ್ಪಲಿಗಳು ಸಾಲಾಗಿದ್ದವು. ಹೊರಗಿನವರು ಒಳಗೆ ಬರುವಂತಿಲ್ಲ, ಹಾಗಾಗಿ ಪಕ್ಕದ ಕಿಟಕಿಗೆ ಹೋಗಿ ನಿಂತೆ. ಗಾಜಿನಾಚೆ ಗೋಡೆಗೊರಗಿ ದೊಡ್ಡಮ್ಮ ಕೂತಿದ್ದರು. ಮಡಿಲಲ್ಲಿ ಕೂಸು, ಬಟ್ಟಲಲ್ಲಿ ಹಿಸುಕಿದ ಬಾಳೆಹಣ್ಣು. ನಾನು ಮತ್ತೆ ಕರೆ ಮಾಡಿದಾಗ ಫೋನ್ ಪಕ್ಕದಲ್ಲಿಟ್ಟು ಸ್ಪೀಕರ್ ಹಾಕಿಕೊಂಡರು.

ಚಮಚ ತುಟಿಗೆ ಬಂತು. ಕೂಸು ತುಟಿ ಬಿಗಿದು ಮುಖ ತಿರುಗಿಸಿತು. ಕಣ್ಣು ನೇರ ನನ್ನ ಮೇಲೆ ಬಿತ್ತು. ಕೆನ್ನೆ ಒಳಗೆ ಹೋಗಿತ್ತು. ಅಳುವಷ್ಟು ಶಕ್ತಿಯೂ ಇದ್ದಂತಿರಲಿಲ್ಲ.

"ಕಿಟಕಿ ಭದ್ರವಾಗಿ ಮುಚ್ಚಿದೆಯಾ?" ಎಂದು ಫೋನಿನಲ್ಲಿ ಕೇಳಿದೆ.

"ಚಿಲಕ ಹಾಕಿದೀನಿ. ಯಾಕೆ?"

ಸುತ್ತ ನೋಡಿದೆ. ಯಾರೂ ಇರಲಿಲ್ಲ. ನನ್ನ ಮಾಸ್ಕ್ ಬಿಚ್ಚಿದೆ. ಗಾಜಿಗೆ ಮುಖ ತಂದು ಆ ಎಂದೆ.

ಉಸಿರಿಗೆ ಗಾಜು ಮಂಜಾಯಿತು. ಒರೆಸಿ ಮತ್ತೆ ಆ ಎಂದೆ. ದೊಡ್ಡಮ್ಮ ಅರೆಕ್ಷಣ ಪಿಳಿಪಿಳಿ ನೋಡಿದರು, ಆಮೇಲೆ ಅವರಿಗೆ ಅರ್ಥವಾಯಿತು.

"ಇನ್ನೂ ದೊಡ್ಡದಾಗಿ! ಏನಿದು, ದೊಡ್ಡೋರ ಮುಂದೆ ಆಕಳಿಸೋ ಹಾಗೆ! ಹಲ್ಲಿನ ಡಾಕ್ಟರ ಹತ್ರ ತೆರೀತೀರಲ್ಲ, ಹಾಗೆ!"

ದವಡೆ ನೋಯುವಷ್ಟು ತೆರೆದೆ. ಕೂಸು ನನ್ನ ಹಲ್ಲು ನೋಡಿತು, ನಾಲಿಗೆ ನೋಡಿತು. ಅದರ ಕೆಳತುಟಿ ಅದುರಿತು, ಬಾಯಿ ತುಸು ತೆರೆಯಿತು. ಆದರೆ ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರಿಂದ ಚಮಚ ತಡವಾಯಿತು, ಬಾಯಿ ಮುಚ್ಚಿಹೋಯಿತು.

"ನನ್ನ ನೋಡ್ಬೇಡಿ, ಅದನ್ನ ನೋಡಿ!" ಎಂದು ಕಿರುಚಿದೆ. ನನ್ನ ದನಿ ಅಷ್ಟು ಜೋರೆಂದು ನನಗೇ ತಿಳಿದಿರಲಿಲ್ಲ.

ಮತ್ತೆ ಆ. ಕೂಸಿನ ಬಾಯಿ ತೆರೆಯಿತು. ಚಮಚ ಒಳಹೋಯಿತು. ಸಣ್ಣ ಗಂಟಲು ಒಮ್ಮೆ ಏರಿ ಇಳಿಯಿತು.

ಎರಡನೆಯದೂ ಹೋಯಿತು. ಮೂರನೆಯದನ್ನು ಅರ್ಧ ನುಂಗಿ ಅರ್ಧ ಉಗುಳಿತು. ಕಿವಿಯ ಬಳಿ ಫೋನು ಟುಕ್ ಟುಕ್ ಎನ್ನತೊಡಗಿತು. ಬೇರೆ ಯಾವುದೋ ಕೇಂದ್ರದಿಂದ ಕರೆ. ಅದು ನಿಂತಿತು, ಇನ್ನೊಂದು ಶುರುವಾಯಿತು. ಕೂಸಿನ ತಾಯಿಯ ಸರದಿ ಮುಗಿಯಲು ಹನ್ನೊಂದು ದಿನ, ದಿನಕ್ಕೆ ನಾಲ್ಕು ಊಟ.

"ಮಧ್ಯಾಹ್ನಕ್ಕೆ ಯಾರು ಬರ್ತಾರೆ ಮೇಡಂ?" ಎಂದು ದೊಡ್ಡಮ್ಮ ತಲೆ ಎತ್ತದೆ ಕೇಳಿದರು.

ಮಾತಾಡಿದರೆ ಬಾಯಿ ಮುಚ್ಚಬೇಕಾಗುತ್ತಿತ್ತು. ಕೂಸು ಇನ್ನೂ ನೋಡುತ್ತಿತ್ತು. ಗಾಜು ಒರೆಸಿ ಮತ್ತೆ ಆ ಎಂದೆ.